ತಾಲ್ಲೂಕು ಪಟ್ಟಣದ ಹೆರಿಗೆ ಆಸ್ಪತ್ರೆಯಿಂದ ಲೋಕಸಭಾ ಕಣಕ್ಕೆ: ನಾಮಪತ್ರದಿಂದ ಲೆಕ್ಕಪತ್ರದವರೆಗೆ

2024ರ ಲೋಕಸಭಾ ಚುನಾವಣೆಯಲ್ಲಿ ಉತ್ತರ ಕರ್ನಾಟಕದ ಕ್ಷೇತ್ರವೊಂದರಿಂದ ಪಕ್ಷೇತರ ಅಭ್ಯರ್ಥಿಯಾಗಿ ಸ್ಪರ್ಧಿಸಿ, ಠೇವಣಿ ಕಳೆದುಕೊಂಡು, ವೆಚ್ಚದ ಅಂತಿಮ ಲೆಕ್ಕವನ್ನೂ ಒಪ್ಪಿಸಿ ಈಗಷ್ಟೇ ಬಿಡುವಾಗಿದ್ದೇನೆ. ತಾಲ್ಲೂಕು ಪಟ್ಟಣವೊಂದರಲ್ಲಿ ಎರಡು ದಶಕಕ್ಕೂ ಮೀರಿ ಹೆರಿಗೆ ಆಸ್ಪತ್ರೆ ನಡೆಸುತ್ತಿರುವ ವೈದ್ಯೆ ನಾನು. ಪಕ್ಷ, ಕಚೇರಿ, ಕಾರ್ಯಕರ್ತರು ಯಾವುದೂ ಇಲ್ಲದ ವೃತ್ತಿಪರರೊಬ್ಬರು ಈ ಹಾದಿ ಹಿಡಿದರೆ ಯಾವ ಕಾಗದ ಎಲ್ಲಿ ತಡೆಯುತ್ತದೆ, ಹಣ ಎಲ್ಲಿ ಹೋಗುತ್ತದೆ, ವೃತ್ತಿಗೆ ಎಲ್ಲಿ ಪೆಟ್ಟು ಬೀಳುತ್ತದೆ ಎಂಬುದನ್ನು ಹೇಳುವವರು ನನಗೆ ಸಿಕ್ಕಿರಲಿಲ್ಲ. ಮುಂದೆ ಸ್ಪರ್ಧಿಸಬಯಸುವ ವೈದ್ಯರಿಗೆ, ವಕೀಲರಿಗೆ, ಮೇಷ್ಟರುಗಳಿಗೆ ಉಪಯೋಗವಾದೀತೆಂದು ನಡೆದದ್ದನ್ನು ಕ್ರಮವಾಗಿ ಬರೆದಿದ್ದೇನೆ.

ಊರಿನ ಹಿರಿಯರು ಕೇಳಿದ ಮೊದಲ ಪ್ರಶ್ನೆ, ಪುರಸಭೆ, ಜಿಲ್ಲಾ ಪಂಚಾಯಿತಿಗಳನ್ನು ಬಿಟ್ಟು ನೇರವಾಗಿ ದೆಹಲಿಗೇ ಏಕೆ ಎಂಬುದು. ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ರಾಜ್ಯದಲ್ಲಿ ಅವುಗಳಿಗೆ ಚುನಾವಣೆಯೇ ನಡೆದಿರಲಿಲ್ಲ ಎನ್ನುವುದು ಅರ್ಧ ಉತ್ತರ. ಉಳಿದರ್ಧ ರಕ್ತಕ್ಕೆ ಸಂಬಂಧಿಸಿದ್ದು. ಹೆರಿಗೆಯ ನಂತರ ರಕ್ತಸ್ರಾವ ನಿಲ್ಲದ ತಾಯಿಯನ್ನು ಉಳಿಸಲು ಸಿಗುವ ಸಮಯ ಬಹಳ ಕಡಿಮೆ, ನಮ್ಮ ಪಟ್ಟಣದಲ್ಲಿ ರಕ್ತನಿಧಿ ಇಲ್ಲ, ಜಿಲ್ಲಾ ಕೇಂದ್ರದಿಂದ ಚೀಲ ಬರುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ದಾನಿಯಿಂದ ತೆಗೆದು, ಪರೀಕ್ಷಿಸಿ, ಅಲ್ಲಿಯೇ ರೋಗಿಗೆ ಏರಿಸುವ ಪದ್ಧತಿಗೆ ಪರವಾನಗಿ ನಿಯಮಗಳು ಅವಕಾಶ ಕೊಡುವುದಿಲ್ಲ. ಅದಕ್ಕೆ ಅನುಮತಿ ಕೊಡಿ ಎಂದು ಗ್ರಾಮೀಣ ಶಸ್ತ್ರಚಿಕಿತ್ಸಕರು ವರ್ಷಗಳಿಂದ ಕೇಳುತ್ತಲೇ ಇದ್ದಾರೆ. ಆ ನಿಯಮಗಳೆಲ್ಲ 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಕಾಯ್ದೆಯ ಅಡಿಯಲ್ಲಿ ಬರುತ್ತವೆ, ಅದು ಸಂಸತ್ತಿನ ಕಾಯ್ದೆ. ರಾಷ್ಟ್ರೀಯ ಆರೋಗ್ಯ ಅಭಿಯಾನದ ಹಣದಲ್ಲಿಯೂ ನಮ್ಮಂಥ ರಾಜ್ಯಗಳಿಗೆ ಕೇಂದ್ರದ ಪಾಲು ನೂರಕ್ಕೆ 60. ಹೀಗಾಗಿ ನನ್ನ ಪ್ರಶ್ನೆಗೆ ಉತ್ತರ ಕೊಡಬೇಕಾದ ಮನೆ ಪುರಸಭೆಯಲ್ಲ, ವಿಧಾನಸಭೆಯೂ ಅಲ್ಲ ಎಂದು ನನಗೆ ಸ್ಪಷ್ಟವಿತ್ತು.

ವೈದ್ಯರು ಲೋಕಸಭೆಗೆ ಗೆಲ್ಲುವುದು ಕರ್ನಾಟಕಕ್ಕೆ ಹೊಸತೇನಲ್ಲ. ಕಲಬುರಗಿಯಲ್ಲಿ 2019ರಲ್ಲಿ ಡಾ. ಉಮೇಶ್ ಜಾಧವ್ ಅವರು ಮಲ್ಲಿಕಾರ್ಜುನ ಖರ್ಗೆಯವರನ್ನು ಸೋಲಿಸಿದ್ದರು. ಈ ಸಲ ಬೆಂಗಳೂರು ಗ್ರಾಮಾಂತರದಲ್ಲಿ ಹೃದ್ರೋಗ ತಜ್ಞ ಡಾ. ಸಿ.ಎನ್. ಮಂಜುನಾಥ್, ದಾವಣಗೆರೆಯಲ್ಲಿ ದಂತವೈದ್ಯೆ ಡಾ. ಪ್ರಭಾ ಮಲ್ಲಿಕಾರ್ಜುನ್ ಗೆದ್ದಿದ್ದಾರೆ. ಆದರೆ ಅವರೆಲ್ಲರ ಬೆನ್ನಿಗೆ ದೊಡ್ಡ ಪಕ್ಷಗಳಿದ್ದವು. ನಾನು ಎರಡು ಪಕ್ಷಗಳ ಜಿಲ್ಲಾ ಮುಖಂಡರನ್ನು ಕಂಡು ಮಾತನಾಡಿದ್ದುಂಟು. ಎರಡೂ ಕಡೆ ಚಹಾ ಬಂತು, ಗೌರವವೂ ಸಿಕ್ಕಿತು, ಎಷ್ಟು ಖರ್ಚು ಮಾಡಬಲ್ಲಿರಿ ಎಂಬ ಪ್ರಶ್ನೆಯೂ ಬಂತು. ಮಹಿಳೆಯರಿಗೆ ಮೂರನೇ ಒಂದು ಭಾಗದ ಮೀಸಲಾತಿ ಕೊಡುವ ತಿದ್ದುಪಡಿ 2023ರಲ್ಲಿಯೇ ಅಂಗೀಕಾರವಾಗಿದೆಯಲ್ಲ ಎಂದಾಗ, ಅದು ಜನಗಣತಿ ಮತ್ತು ಕ್ಷೇತ್ರ ಪುನರ್ವಿಂಗಡಣೆ ಮುಗಿದ ಮೇಲಿನ ಮಾತು ಎಂದು ಒಬ್ಬರು ನೆನಪಿಸಿದರು. ಅವರು ಹೇಳಿದ್ದು ಸರಿಯೇ ಆಗಿತ್ತು. ಪಕ್ಷೇತರಳಾಗಿ ನಿಲ್ಲುವುದೆಂದು ಅಂದೇ ತೀರ್ಮಾನವಾಯಿತು.

ಚುನಾವಣಾ ಆಯೋಗ ವೇಳಾಪಟ್ಟಿಯನ್ನು ಘೋಷಿಸಿದ್ದು ಮಾರ್ಚ್ 16ರಂದು. ರಾಜ್ಯದ ದಕ್ಷಿಣದ 14 ಕ್ಷೇತ್ರಗಳಿಗೆ ಏಪ್ರಿಲ್ 26ರಂದು, ಉತ್ತರದ 14 ಕ್ಷೇತ್ರಗಳಿಗೆ ಮೇ 7ರಂದು ಮತದಾನ ನಿಗದಿಯಾಯಿತು. ನಮ್ಮಲ್ಲಿ ಅಧಿಸೂಚನೆ ಏಪ್ರಿಲ್ 12ಕ್ಕೆ, ನಾಮಪತ್ರಕ್ಕೆ ಕೊನೆಯ ದಿನ 19, ಪರಿಶೀಲನೆ 20, ಹಿಂಪಡೆಯಲು ಕೊನೆಯ ದಿನ 22. ಕೈಯಲ್ಲಿ ಒಂದು ತಿಂಗಳಿದೆ ಎನ್ನಿಸುತ್ತದೆ. ಆದರೆ ನಡುವೆ ಯುಗಾದಿ, ರಂಜಾನ್ ರಜೆಗಳಿವೆ, ಸರ್ಕಾರಿ ಸಿಬ್ಬಂದಿಯೆಲ್ಲ ಚುನಾವಣಾ ತರಬೇತಿಗೆ ಹೋಗಿರುತ್ತಾರೆ, ಬರಗಾಲದ ವರ್ಷವಾದ್ದರಿಂದ ತಾಲ್ಲೂಕು ಕಚೇರಿ ಕುಡಿಯುವ ನೀರಿನ ಕೆಲಸದಲ್ಲಿಯೇ ಮುಳುಗಿತ್ತು. ಕಾಗದಗಳ ಸಂಗ್ರಹವನ್ನು ಘೋಷಣೆಗೂ ಎರಡು ಮೂರು ತಿಂಗಳು ಮೊದಲೇ ಆರಂಭಿಸುವುದು ಒಳ್ಳೆಯದು.

ಮೊದಲ ಕೆಲಸ ಮತದಾರರ ಪಟ್ಟಿ. ಲೋಕಸಭೆಗೆ ಸ್ಪರ್ಧಿಸುವವರ ಹೆಸರು ಅದೇ ಕ್ಷೇತ್ರದಲ್ಲಿಯೇ ಇರಬೇಕೆಂದಿಲ್ಲ. ಬೇರೆ ಕ್ಷೇತ್ರದಲ್ಲಿದ್ದರೆ ಆ ಪಟ್ಟಿಯ ದೃಢೀಕೃತ ಪ್ರತಿಯನ್ನು ಲಗತ್ತಿಸಬೇಕು. ಎರಡನೆಯದು ಬ್ಯಾಂಕ್ ಖಾತೆ. ಚುನಾವಣಾ ವೆಚ್ಚಕ್ಕೆಂದೇ ಪ್ರತ್ಯೇಕ ಖಾತೆಯನ್ನು ನಾಮಪತ್ರ ಸಲ್ಲಿಸುವುದಕ್ಕೆ ಕನಿಷ್ಠ ಒಂದು ದಿನ ಮೊದಲು ತೆರೆದಿರಬೇಕು. ನಿಮ್ಮ ಹೆಸರಿನಲ್ಲಿ ಮಾತ್ರ ಅಥವಾ ಚುನಾವಣಾ ಏಜೆಂಟರ ಜೊತೆ ಜಂಟಿಯಾಗಿ ತೆರೆಯಬಹುದು. ಗಂಡನ ಜೊತೆ ಜಂಟಿ ಖಾತೆ ಬೇಕಾದರೆ ಗಂಡನೇ ಏಜೆಂಟ್ ಆಗಿರಬೇಕು. ನಾನು ಹೋದ ಶಾಖೆಯಲ್ಲಿ ಈ ವಿಷಯ ತಿಳಿದವರು ಇರಲಿಲ್ಲ, ಹಳೆಯ ಖಾತೆ ಇದೆಯಲ್ಲ, ಅದನ್ನೇ ಬಳಸಿ ಎಂದು ಹೇಳಿ ಕಳುಹಿಸಿದರು. ಆಯೋಗದ ಸೂಚನೆಯ ಮುದ್ರಿತ ಪ್ರತಿಯನ್ನು ಹಿಡಿದು ಮತ್ತೆ ಹೋದಾಗ ಖಾತೆ ತೆರೆಯಿತು, ಚೆಕ್‌ಬುಕ್ ಮಾತ್ರ ಇನ್ನೂ ತಡವಾಗಿ ಬಂತು. ಏಜೆಂಟ್ ಆಗಿ ನನ್ನ ಅಣ್ಣನ ಮಗನನ್ನು ನೇಮಿಸಿಕೊಂಡೆ. ವಾಣಿಜ್ಯ ಓದಿದ ಹುಡುಗ, ರಸೀದಿಯಿಲ್ಲದೆ ಒಂದು ರೂಪಾಯಿಯನ್ನೂ ಕೈಬಿಡದ ಸ್ವಭಾವ. ಭಾಷಣ ಮಾಡಬಲ್ಲವರಿಗಿಂತ ಇಂಥವರೊಬ್ಬರು ಜೊತೆಯಲ್ಲಿರುವುದು ಮುಖ್ಯ.

ಅತಿ ಹೆಚ್ಚು ಸಮಯ, ಅತಿ ಹೆಚ್ಚು ನಿದ್ರೆ ತಿಂದದ್ದು ನಮೂನೆ 26ರ ಪ್ರಮಾಣಪತ್ರ. ಛಾಪಾ ಕಾಗದದ ಮೇಲೆ ಬರೆದು, ನೋಟರಿಯ ಅಥವಾ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಮುಂದೆ ಪ್ರಮಾಣ ಮಾಡಿ, ಪ್ರತಿ ಪುಟಕ್ಕೂ ಸಹಿ ಹಾಕಬೇಕಾದ ದಾಖಲೆ ಇದು. ನನ್ನ, ಗಂಡನ, ಅವಲಂಬಿತರ ಮತ್ತು ಅವಿಭಕ್ತ ಕುಟುಂಬದ ಪ್ಯಾನ್ ಸಂಖ್ಯೆ, ಕಳೆದ ಐದು ವರ್ಷಗಳ ಆದಾಯ ತೆರಿಗೆ ವಿವರ, ನಗದು, ಠೇವಣಿ, ವಿಮೆ, ವಾಹನ, ಬಂಗಾರ, ಜಮೀನು, ಕಟ್ಟಡ, ಸಾಲ, ಸರ್ಕಾರಕ್ಕೆ ಕೊಡಬೇಕಾದ ಬಾಕಿ, ಎಲ್ಲವೂ ಬರಬೇಕು. ಯಾವ ಅಂಕಣವನ್ನೂ ಖಾಲಿ ಬಿಡುವಂತಿಲ್ಲ. ಸಂಬಂಧವಿಲ್ಲದ ಕಡೆಯೂ ‘ಇಲ್ಲ’ ಅಥವಾ ‘ಅನ್ವಯಿಸುವುದಿಲ್ಲ’ ಎಂದು ಬರೆಯಲೇಬೇಕು. ಖಾಲಿ ಬಿಟ್ಟ ಪ್ರಮಾಣಪತ್ರ ನಾಮಪತ್ರದ ತಿರಸ್ಕಾರಕ್ಕೆ ಕಾರಣವಾಗಬಹುದೆಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ. ಅಡ್ಡಗೆರೆ ಎಳೆದು ಬಿಡುವ ಅಭ್ಯಾಸ ನಮ್ಮ ವೃತ್ತಿಯವರಿಗೆ ಬಹಳ, ಇಲ್ಲಿ ಅದು ನಡೆಯುವುದಿಲ್ಲ.

ಬಂಗಾರ ತೂಗಿಸಿ ಬೆಲೆ ಬರೆಸುವುದು ಅರ್ಧ ದಿನದ ಕೆಲಸ. ಜಮೀನಿನದ್ದು ಹಾಗಲ್ಲ. ಗಂಡನ ಮನೆಯ ಹೊಲ ಇನ್ನೂ ಮೂವರು ಅಣ್ಣತಮ್ಮಂದಿರ ಹೆಸರಿನಲ್ಲಿ ಜಂಟಿಯಾಗಿದೆ, ಪಹಣಿಯಲ್ಲಿ ತೀರಿಕೊಂಡ ಮಾವನವರ ಹೆಸರೇ ಒಂದು ಸರ್ವೆ ನಂಬರಿನಲ್ಲಿ ಉಳಿದಿತ್ತು. ಪಾಲೆಷ್ಟು ಎಂದು ಬರೆಯಲು ಹೊರಟರೆ ವರ್ಷಗಳಿಂದ ಯಾರೂ ಎತ್ತದಿದ್ದ ಮಾತು ಮನೆಯಲ್ಲಿ ಎದ್ದಿತು. ಮೈದುನನಿಗೆ, ನನ್ನ ಸ್ಪರ್ಧೆಯ ನೆಪದಲ್ಲಿ ಹಿಸ್ಸೆ ಮಾಡಿಸುವ ಹುನ್ನಾರವಿದೆಯೇ ಎಂಬ ಸಂಶಯ. ಇದು ಹಿಸ್ಸೆಯಲ್ಲ, ಇರುವುದನ್ನು ಇರುವಂತೆ ಹೇಳುವುದಷ್ಟೇ ಎಂದು ವಕೀಲರೇ ಮನೆಗೆ ಬಂದು ತಿಳಿಹೇಳಬೇಕಾಯಿತು. ಜಂಟಿ ಆಸ್ತಿ ಇರುವವರು ಮನೆಯವರೊಡನೆ ಈ ಮಾತನ್ನು ಮೊದಲೇ ಮುಗಿಸಿಕೊಳ್ಳಿ. ಬೆಲೆಗೆ ಉಪನೋಂದಣಾಧಿಕಾರಿ ಕಚೇರಿಯ ಮಾರ್ಗಸೂಚಿ ದರವನ್ನು ಆಧಾರವಾಗಿ ಇಟ್ಟುಕೊಂಡರೆ ಮುಂದೆ ಯಾರಾದರೂ ಪ್ರಶ್ನಿಸಿದಾಗ ಉತ್ತರಿಸುವುದು ಸುಲಭ.

ಅಪರಾಧ ಪ್ರಕರಣಗಳ ಅಂಕಣದ ಮುಂದೆ ನಾನು ಬಹಳ ಹೊತ್ತು ಕುಳಿತೆ. ಹಲವು ವರ್ಷಗಳ ಹಿಂದೆ ಹೆರಿಗೆಯಾದ ತಾಯಿಯೊಬ್ಬಳು ರಕ್ತಸ್ರಾವದಿಂದ ನನ್ನ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದಳು. ರಕ್ತ ತರಲು ಹೋದ ಅವಳ ಗಂಡ ಚೀಲಗಳನ್ನು ಹಿಡಿದು ಬಾಗಿಲಿಗೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಸಂಬಂಧಿಕರ ದೂರಿನ ಮೇಲೆ ನಿರ್ಲಕ್ಷ್ಯದಿಂದ ಸಾವಿಗೆ ಕಾರಣವಾದ ಆರೋಪಕ್ಕೆ ಭಾರತೀಯ ದಂಡ ಸಂಹಿತೆಯ 304ಎ ಅಡಿ ಪ್ರಕರಣ ದಾಖಲಾಗಿ, ತಜ್ಞರ ಅಭಿಪ್ರಾಯ ಪಡೆದ ಪೊಲೀಸರು ಆರೋಪಕ್ಕೆ ಆಧಾರವಿಲ್ಲವೆನ್ನುವ ‘ಬಿ’ ವರದಿ ಸಲ್ಲಿಸಿ, ನ್ಯಾಯಾಲಯ ಅದನ್ನು ಒಪ್ಪಿಕೊಂಡಿತ್ತು. ವೈದ್ಯರ ಮೇಲೆ ಕ್ರಿಮಿನಲ್ ಹೊಣೆ ಹೊರಿಸಲು ತೀವ್ರ ಸ್ವರೂಪದ ನಿರ್ಲಕ್ಷ್ಯವೇ ಇರಬೇಕೆಂದು 2005ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಇಂಥ ಪ್ರಕರಣಗಳು ಹೆಚ್ಚಾಗಿ ಹೀಗೆಯೇ ಮುಗಿಯುತ್ತವೆ. ಮುಗಿದ ಪ್ರಕರಣ ಬಾಕಿ ಪ್ರಕರಣವಲ್ಲ. ಆದರೆ ಮುಗಿದಿದೆ ಎಂಬುದಕ್ಕೆ ನನ್ನ ಬಳಿ ಇದ್ದದ್ದು ಆಗಿನ ವಕೀಲರ ಬಾಯಿಮಾತು ಮಾತ್ರ. ನ್ಯಾಯಾಲಯದ ದಾಖಲೆ ಕೊಠಡಿಯಿಂದ ಆದೇಶದ ದೃಢೀಕೃತ ಪ್ರತಿ ಪಡೆಯುವುದು ಈ ಇಡೀ ಪ್ರಕ್ರಿಯೆಯಲ್ಲಿ ಅತ್ಯಂತ ದೀರ್ಘವಾದ ಕಾಯುವಿಕೆಯಾಯಿತು. ಹಳೆಯ ಕಡತ ಹುಡುಕಲು ಸಿಬ್ಬಂದಿ ಇರಲಿಲ್ಲ, ಸಿಬ್ಬಂದಿ ಸಿಕ್ಕ ದಿನ ಕಡತ ಇರಲಿಲ್ಲ. ಕೊನೆಗೆ ಆ ಹಾಳೆಗಳು ಕೈಗೆ ಬಂದಾಗ, ಆ ತಾಯಿಯ ಹೆಸರು, ವಯಸ್ಸು, ಸಮಯಗಳನ್ನೆಲ್ಲ ಟೈಪು ಮಾಡಿದ ಅಕ್ಷರಗಳಲ್ಲಿ ಓದಿ, ಮನೆಗೆ ಹೋಗದೆ ನ್ಯಾಯಾಲಯದ ಆವರಣದ ಬೇವಿನ ಮರದ ಕೆಳಗೆ ಕುಳಿತುಬಿಟ್ಟೆ. ನಾನು ಸ್ಪರ್ಧಿಸಲು ಹೊರಟದ್ದು ಯಾವ ಕಾರಣಕ್ಕೋ ಆ ಕಾರಣವೇ ನನ್ನ ಅರ್ಹತೆಯ ದಾಖಲೆಯಾಗಿ ಕೈಯಲ್ಲಿತ್ತು.

ವೈದ್ಯರು ಇಲ್ಲಿ ಎರಡು ಸಂಗತಿಗಳನ್ನು ಬೇರೆ ಬೇರೆಯಾಗಿ ತಿಳಿಯಬೇಕು. ಗ್ರಾಹಕ ಆಯೋಗದಲ್ಲಿರುವ ಪರಿಹಾರದ ದೂರು ಅಪರಾಧ ಪ್ರಕರಣವಲ್ಲ. ಆದರೆ ನಿಜಕ್ಕೂ ಬಾಕಿ ಇರುವ ಕ್ರಿಮಿನಲ್ ಪ್ರಕರಣವಿದ್ದರೆ, ಪ್ರಮಾಣಪತ್ರದಲ್ಲಿ ಬರೆದರಷ್ಟೇ ಸಾಲದು; ಪ್ರಚಾರದ ಅವಧಿಯಲ್ಲಿ ಮೂರು ಬಾರಿ ಪತ್ರಿಕೆ ಮತ್ತು ಟಿ.ವಿ.ಗಳಲ್ಲಿ ಸ್ವಂತ ಖರ್ಚಿನಿಂದ ಪ್ರಕಟಿಸಬೇಕು. ಸಣ್ಣ ಅಭ್ಯರ್ಥಿಗೆ ಈ ಜಾಹೀರಾತಿನ ಖರ್ಚೇ ದೊಡ್ಡ ಹೊರೆ.

ಇನ್ನೊಂದು ತೊಡಕನ್ನು ನಾನು ಊಹಿಸಿಯೇ ಇರಲಿಲ್ಲ. ನನ್ನ ಆಸ್ಪತ್ರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ನೋಂದಾಯಿತವಾಗಿದೆ. ಪ್ರಜಾಪ್ರತಿನಿಧಿ ಕಾಯ್ದೆಯ 9ಎ ಕಲಮಿನ ಪ್ರಕಾರ ಸರ್ಕಾರದೊಂದಿಗೆ ಸರಕು ಪೂರೈಕೆಯ ಅಥವಾ ಕಾಮಗಾರಿಯ ಒಪ್ಪಂದ ಜಾರಿಯಲ್ಲಿದ್ದವರು ಅನರ್ಹರಾಗುತ್ತಾರೆ, ಲೋಕಸಭೆಯ ವಿಷಯದಲ್ಲಿ ಆ ಸರ್ಕಾರವೆಂದರೆ ಕೇಂದ್ರ ಸರ್ಕಾರ. ಚಿಕಿತ್ಸೆ ನೀಡುವುದು ಸರಕೂ ಅಲ್ಲ, ಕಾಮಗಾರಿಯೂ ಅಲ್ಲ ಎಂದು ನನ್ನ ವಕೀಲರು ಅಭಿಪ್ರಾಯಪಟ್ಟರು. ಆದರೂ ಪ್ರಮಾಣಪತ್ರದಲ್ಲಿ ಸರ್ಕಾರಿ ಒಪ್ಪಂದಗಳ ಬಗೆಗೆ ಅಂಕಣವಿರುವುದರಿಂದ ಅಲ್ಲಿ ವಿವರವಾಗಿ ಬರೆದು, ಒಪ್ಪಂದದ ಪ್ರತಿಯನ್ನು ಜೊತೆಯಲ್ಲಿ ಇಟ್ಟುಕೊಂಡೆವು. ಸರ್ಕಾರಿ ಸೇವೆಯಲ್ಲಿರುವ ವೈದ್ಯರ ಪಾಡು ಬೇರೆ: ರಾಜೀನಾಮೆ ಕೊಟ್ಟರೆ ಮುಗಿಯುವುದಿಲ್ಲ, ನಾಮಪತ್ರ ಪರಿಶೀಲನೆಗೆ ಮೊದಲು ಅದು ಅಂಗೀಕಾರವಾಗಿರಬೇಕು. ಆ ದಾರಿಯವರು ವರ್ಷ ಮೊದಲೇ ಯೋಚಿಸಬೇಕು.

ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ, ಅಂದರೆ ಹೆಸರನ್ನು ಸೂಚಿಸಿ ನಾಮಪತ್ರಕ್ಕೆ ಸಹಿ ಹಾಕುವ ಮತದಾರ, ಸಾಕು. ಪಕ್ಷೇತರರಿಗೆ ಹತ್ತು ಮಂದಿ ಬೇಕು, ಹತ್ತೂ ಮಂದಿ ಅದೇ ಲೋಕಸಭಾ ಕ್ಷೇತ್ರದ ಮತದಾರರಾಗಿರಬೇಕು. ನನ್ನ ಕೈಯಲ್ಲಿ ಹೆರಿಗೆಯಾದ ತಾಯಂದಿರೇ ಸೂಚಕರಾಗಲಿ ಎಂಬುದು ನನ್ನ ಆಸೆ. ಕೇಳಿದ ಕೂಡಲೇ ಹೂಂ ಎಂದವರು ಹಲವರು. ಸಹಿ ಹಾಕುವ ಹೊತ್ತಿಗೆ, “ನಮ್ಮ ಮನಿಯಾಗ ಒಂದ್ ಮಾತ್ ಕೇಳಿ ಹೇಳ್ತೀನ್ರಿ ಮೇಡಂ” ಎಂದು ಹೋದವರಲ್ಲಿ ಎಲ್ಲರೂ ಮರಳಲಿಲ್ಲ. ಅವರ ಮೇಲೆ ನನಗೆ ಕೋಪವಿಲ್ಲ. ಒಂದು ಊರಿನಲ್ಲಿ ಯಾರ ನಾಮಪತ್ರಕ್ಕೆ ಯಾರು ಸಹಿ ಹಾಕಿದರೆಂಬುದು ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗುತ್ತದೆ. ಸೂಚಕರ ಭಾಗ ಸಂಖ್ಯೆ ಮತ್ತು ಕ್ರಮ ಸಂಖ್ಯೆಗಳನ್ನು ಗುರುತಿನ ಚೀಟಿ ನೋಡಿ ಬರೆಯಬೇಡಿ, ಇತ್ತೀಚಿನ ಪಟ್ಟಿಯನ್ನು ತೆರೆದು ಬರೆಯಿರಿ, ಪರಿಷ್ಕರಣೆಯಾದಾಗ ಅವು ಬದಲಾಗುತ್ತವೆ. ಹೆಬ್ಬೆಟ್ಟು ಒತ್ತುವ ಸೂಚಕರಿದ್ದರೆ ಚುನಾವಣಾಧಿಕಾರಿಯ ಅಥವಾ ಅಧಿಕೃತ ಅಧಿಕಾರಿಯ ಮುಂದೆಯೇ ಒತ್ತಬೇಕು. ಹತ್ತರ ಮೇಲೆ ಇನ್ನೊಂದಷ್ಟು ಜನರನ್ನು ಸಿದ್ಧವಿಟ್ಟುಕೊಂಡು ಎರಡನೆಯ ಪ್ರತಿಯೊಂದನ್ನು ಸಲ್ಲಿಸುವುದು ಜಾಣತನ. ಒಬ್ಬರು ನಾಲ್ಕು ನಾಮಪತ್ರಗಳವರೆಗೆ ಸಲ್ಲಿಸಬಹುದು, ಠೇವಣಿ ಒಂದೇ ಸಲ.

ನಾಮಪತ್ರ ಸ್ವೀಕರಿಸುವುದು ಬೆಳಿಗ್ಗೆ 11ರಿಂದ ಮಧ್ಯಾಹ್ನ 3ರವರೆಗೆ, ಚುನಾವಣಾಧಿಕಾರಿಯಾಗಿರುವ ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ. ನೂರು ಮೀಟರ್ ಒಳಗೆ ಮೂರು ವಾಹನಗಳು, ಕೊಠಡಿಯೊಳಗೆ ಅಭ್ಯರ್ಥಿ ಸೇರಿ ಐದು ಜನ. ನಾನು ಹೋದ ದಿನ ಪಂಚಾಂಗದಲ್ಲಿಯೂ ಒಳ್ಳೆಯ ದಿನವಾಗಿದ್ದು, ದೊಡ್ಡ ಪಕ್ಷದ ಮೆರವಣಿಗೆಯೊಂದು ಅದೇ ಹೊತ್ತಿಗೆ ಬಂದು ರಸ್ತೆಯೆಲ್ಲ ಮುಚ್ಚಿಹೋಯಿತು. ಏಪ್ರಿಲ್ ಬಿಸಿಲಿನಲ್ಲಿ, ಡೊಳ್ಳು ತಮಟೆಗಳ ನಡುವೆ, ಕಡತವನ್ನು ಎದೆಗವಚಿಕೊಂಡು ತಡೆಬೇಲಿಯವರೆಗೆ ನಡೆದೇ ಹೋದೆವು. ಕಾವಲಿಗಿದ್ದ ಮಹಿಳಾ ಪೇದೆ ನನ್ನನ್ನು ಗುರುತಿಸಿ, ಯಾರಿಗಾದರೂ ಸುಸ್ತಾಗಿದೆಯೇ, ಅದಕ್ಕೆ ಬಂದಿರಾ ಎಂದು ಕೇಳಿದಳು. ನಾನೇ ಅಭ್ಯರ್ಥಿ ಎಂದಾಗ ನಕ್ಕು ದಾರಿ ಬಿಟ್ಟಳು.

ಒಳಗೆ ನಡೆದ ಕೆಲಸ ಅಚ್ಚುಕಟ್ಟಾಗಿತ್ತು ಎಂದೇ ಹೇಳಬೇಕು. ಠೇವಣಿ ₹25,000, ಪರಿಶಿಷ್ಟ ಜಾತಿ, ಪಂಗಡದವರಿಗೆ ಅದರ ಅರ್ಧ, ಮಹಿಳೆಯರಿಗೆಂದು ರಿಯಾಯಿತಿ ಇಲ್ಲ. ಚೆಕ್ ತೆಗೆದುಕೊಳ್ಳುವುದಿಲ್ಲ. ಮತಯಂತ್ರದ ಹಾಳೆಗೆ 2 ಸೆಂ.ಮೀ. ಅಗಲ, 2.5 ಸೆಂ.ಮೀ. ಎತ್ತರದ, ಮೂರು ತಿಂಗಳೊಳಗೆ ತೆಗೆಸಿದ ಭಾವಚಿತ್ರ ಬೇಕು. ಯಾವ ದಾಖಲೆ ಬಂದಿದೆ, ಯಾವುದು ಬಾಕಿ ಎಂದು ತಾಳೆಪಟ್ಟಿ ಬರೆದು ಸಹಿ ಮಾಡಿ ಕೊಡುತ್ತಾರೆ. ಆ ಪಟ್ಟಿಯನ್ನು ಕೇಳಿ ಪಡೆಯದೆ ಹೊರಗೆ ಬರಬೇಡಿ. ಸಂವಿಧಾನಕ್ಕೆ ನಿಷ್ಠೆಯ ಪ್ರತಿಜ್ಞೆಯನ್ನು ನಾಮಪತ್ರ ಸಲ್ಲಿಸಿದ ನಂತರ, ಪರಿಶೀಲನೆಯ ದಿನಕ್ಕಿಂತ ಮೊದಲು ಸ್ವೀಕರಿಸಬೇಕು. ನಾನು ಅಲ್ಲಿಯೇ ಎದ್ದು ನಿಂತು ಓದಿದೆ. ಪದವಿ ಪ್ರದಾನದ ದಿನ ವೈದ್ಯಳಾಗಿ ಪ್ರಮಾಣ ಮಾಡಿದಾಗ ನಡುಗದಿದ್ದ ಧ್ವನಿ ಅಂದು ನಡುಗಿತು.

ಅದೇ ಸಂಜೆ ನನ್ನ ಪ್ರಮಾಣಪತ್ರ ಕಚೇರಿಯ ಫಲಕದ ಮೇಲಿತ್ತು, ಬಳಿಕ ಆಯೋಗದ ಜಾಲತಾಣಕ್ಕೂ ಏರಿತು. ಸ್ಕ್ಯಾನಿಂಗ್ ಯಂತ್ರಕ್ಕೆ ಮಾಡಿದ ಸಾಲ ಎಷ್ಟು ಉಳಿದಿದೆ, ನನ್ನ ಕೊರಳಲ್ಲಿ ಎಷ್ಟು ಗ್ರಾಂ ಬಂಗಾರವಿದೆ ಎಂಬುದು ಮರುದಿನ ಆಸ್ಪತ್ರೆಯ ಎದುರಿನ ಚಹಾದಂಗಡಿಯಲ್ಲಿ ಚರ್ಚೆಯಾಗುತ್ತಿತ್ತು. ಡಾಕ್ಟರಿಗೂ ಸಾಲ ಇರುತ್ತದೆಯೇ ಎಂದು ಅಚ್ಚರಿಪಟ್ಟವರೇ ಹೆಚ್ಚು.

ಪರಿಶೀಲನೆ ಬೇಗ ಮುಗಿಯಿತು. ಗಣನೀಯವಲ್ಲದ ಸಣ್ಣ ದೋಷಕ್ಕೆ ನಾಮಪತ್ರ ತಿರಸ್ಕರಿಸುವಂತಿಲ್ಲ ಎಂದು ಕಾಯ್ದೆಯೇ ಹೇಳುತ್ತದೆ. ಕಷ್ಟವಾದದ್ದು ಅದಾದ ಮೇಲಿನ ಎರಡು ದಿನ. ಹಿಂಪಡೆಯಿರಿ ಎಂದು ಹೇಳಲು ಎರಡೂ ದೊಡ್ಡ ಪಕ್ಷಗಳ ಕಡೆಯವರು ಬಂದರು. ಒಬ್ಬರು ಸಮುದಾಯದ ಹಿರಿಯರ ಮೂಲಕ, ಇನ್ನೊಬ್ಬರು ಗಂಡನ ಸ್ನೇಹಿತರ ಮೂಲಕ. ಗದರಿಸಿದವರಿಲ್ಲ. “ನಿಮ್ಮ ಮಂದಿ ಎಷ್ಟ್ ಅದಾರ್ರಿ ಮೇಡಂ, ಸುಮ್ನ ಮತ ಒಡೀತಾವು” ಎಂದರು. ನಾನು ಎಣಿಸಿಕೊಂಡದ್ದು ಹೆರಿಗೆಗಳನ್ನು, ಅವರು ಕೇಳಿದ್ದು ಜಾತಿಯನ್ನು. ಹಿಂಪಡೆಯುವ ನೋಟಿಸನ್ನು ಅಭ್ಯರ್ಥಿ ಲಿಖಿತವಾಗಿ ಅಧಿಕಾರ ಕೊಟ್ಟರೆ ಸೂಚಕರು ಅಥವಾ ಏಜೆಂಟರೂ ಸಲ್ಲಿಸಬಹುದು; ಆದ್ದರಿಂದ ಈ ದಿನಗಳಲ್ಲಿ ಯಾವ ಖಾಲಿ ಹಾಳೆಗೂ ಸಹಿ ಹಾಕಬೇಡಿ.

ಚಿಹ್ನೆಗೆ ನಾಮಪತ್ರದಲ್ಲಿಯೇ ಮೂರು ಆಯ್ಕೆಗಳನ್ನು ಆದ್ಯತೆಯ ಕ್ರಮದಲ್ಲಿ ಬರೆದಿರುತ್ತೇವೆ. ಯಾವ ಪಕ್ಷಕ್ಕೂ ಮೀಸಲಿಲ್ಲದ ಮುಕ್ತ ಚಿಹ್ನೆಗಳ ಪಟ್ಟಿಯಲ್ಲಿ ಸ್ಟೆತಸ್ಕೋಪ್ ಇದೆ, ನನ್ನ ಮೊದಲ ಆಯ್ಕೆ ಅದೇ ಎಂದು ಹೇಳಬೇಕಾಗಿಲ್ಲ. ಅದನ್ನೇ ಕೇಳಿದ ಇನ್ನೊಬ್ಬ ಪಕ್ಷೇತರರಿದ್ದರು. ಚೀಟಿ ಎತ್ತಿದಾಗ ಸ್ಟೆತಸ್ಕೋಪ್ ಅವರಿಗೆ ಹೋಗಿ, ನನಗೆ ಎರಡನೆಯ ಆಯ್ಕೆಯಾದ ಮಂಚ ಉಳಿಯಿತು. ಆಸ್ಪತ್ರೆಯ ಮಂಚ ಎಂದು ಸಮರ್ಥಿಸಿಕೊಳ್ಳಬಹುದಿತ್ತು, ಆದರೆ ಕೊರಳಲ್ಲಿ ಸ್ಟೆತಸ್ಕೋಪ್ ತೂಗಿಕೊಂಡು ಮಂಚಕ್ಕೆ ಮತ ಕೇಳುವ ವೈದ್ಯೆಯನ್ನು ನೋಡಿ ನಗದವರು ಯಾರು? ಪ್ರಚಾರದ ವೇಳೆ ಅದನ್ನು ಆಸ್ಪತ್ರೆಯಲ್ಲಿಯೇ ಬಿಟ್ಟು ಹೋಗುವುದು ರೂಢಿಯಾಯಿತು. ಮತಯಂತ್ರದ ಹಾಳೆಯಲ್ಲಿ ಮಾನ್ಯತೆ ಪಡೆದ ಪಕ್ಷಗಳವರು ಮೊದಲು, ನೋಂದಾಯಿತ ಪಕ್ಷಗಳವರು ಆಮೇಲೆ, ಪಕ್ಷೇತರರು ಕೊನೆಯಲ್ಲಿ, ಪ್ರತಿ ಗುಂಪಿನೊಳಗೆ ಅಕ್ಷರ ಕ್ರಮ. ಹೆಸರಿನ ಹಿಂದೆ ‘ಡಾ.’ ಬರಬಹುದು, ಆದರೆ ಅಕ್ಷರ ಕ್ರಮಕ್ಕೆ ಅದು ಲೆಕ್ಕಕ್ಕಿಲ್ಲ.

ಇನ್ನು ಮುಂದಿನದು ವೈದ್ಯರು ವಿಶೇಷವಾಗಿ ಗಮನಿಸಬೇಕಾದ ಭಾಗ. ನೀತಿಸಂಹಿತೆ ಜಾರಿಯಾದ ಮೇಲೆ ಮತದಾರರಿಗೆ ಉಚಿತವಾಗಿ ಏನು ಕೊಟ್ಟರೂ ಆಮಿಷದ ಆರೋಪ ಬರಬಹುದು. ಬಡ ಬಸುರಿಯರಿಂದ ನಾನು ತಪಾಸಣೆಯ ಶುಲ್ಕ ತೆಗೆದುಕೊಳ್ಳುತ್ತಿರಲಿಲ್ಲ, ಅದು ಚುನಾವಣೆಗೂ ಎಷ್ಟೋ ಹಿಂದಿನ ಪದ್ಧತಿ. ವಕೀಲರು ಸ್ಪಷ್ಟವಾಗಿ ಹೇಳಿದರು: ಫಲಿತಾಂಶದವರೆಗೆ ಎಲ್ಲರಿಂದಲೂ ಒಂದೇ ಶುಲ್ಕ, ಎಲ್ಲರಿಗೂ ರಸೀದಿ. ಪರಿಣಾಮವಾಗಿ, ಜನಸೇವೆ ಎಂದು ಕಣಕ್ಕಿಳಿದ ತಿಂಗಳಿನಲ್ಲಿಯೇ ಬಡವರಿಂದ ಹಣ ಕೇಳುವವಳಾದೆ. “ಇಲೆಕ್ಷನ್‌ಗೆ ನಿಂತ ಮ್ಯಾಲ ಫೀ ತಗೊಳ್ಳಾಕ ಹತ್ತೀರೇನ್ರಿ?” ಎಂದು ಅಜ್ಜಿಯೊಬ್ಬರು ಸೊಸೆಯ ಎದುರಿಗೇ ಕೇಳಿದರು. ಕಾನೂನು ವಿವರಿಸಿದೆ, ಅವರು ಒಪ್ಪಲಿಲ್ಲ, ಒಪ್ಪುವಂಥದ್ದೂ ಅಲ್ಲ. ವಾರಕ್ಕೊಮ್ಮೆ ಹಳ್ಳಿಗಳಲ್ಲಿ ನಡೆಸುತ್ತಿದ್ದ ತಪಾಸಣಾ ಶಿಬಿರವನ್ನೂ ನಿಲ್ಲಿಸಿದೆ. ಪ್ರಚಾರಕ್ಕೆ ಹೋದ ಕಡೆ ಹೆಂಗಸರು ಹಳೆಯ ಚೀಟಿ, ಸ್ಕ್ಯಾನಿಂಗ್ ವರದಿಗಳನ್ನು ಹಿಡಿದೇ ಬರುತ್ತಿದ್ದರು, ಸಭೆ ಹೊರರೋಗಿ ವಿಭಾಗವಾಗಿ ಬಿಡುತ್ತಿತ್ತು. ಔಷಧ ಬರೆದರೆ ಆಮಿಷ, ಬರೆಯದಿದ್ದರೆ ಸೊಕ್ಕು. ತುರ್ತು ಇದ್ದವರನ್ನು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸಿ, ಉಳಿದವರಿಗೆ ಆಸ್ಪತ್ರೆಗೆ ಬನ್ನಿ ಎನ್ನುತ್ತಿದ್ದೆ.

ಅದಕ್ಕಿಂತ ಹೆಚ್ಚು ನೋಯಿಸಿದ್ದು ಬೇರೆಯದು. ಇಷ್ಟು ವರ್ಷ ನಾನು ಯಾರ ಕಡೆಯವಳೂ ಆಗಿರಲಿಲ್ಲ, ಊರಿನ ಎಲ್ಲ ಓಣಿಗಳ ಹೆಂಗಸರೂ ಒಂದೇ ಬೆಂಚಿನ ಮೇಲೆ ಕಾಯುತ್ತಿದ್ದರು. ನಾಮಪತ್ರ ಸಲ್ಲಿಸಿದ ಮೇಲೆ ಕೆಲವು ಮನೆಗಳ ಬಸುರಿಯರು ಹೇಳದೆ ಕೇಳದೆ ಬೇರೆ ಊರಿನ ಆಸ್ಪತ್ರೆಗೆ ಹೋದರು. ಏಳೆಂಟು ತಿಂಗಳು ನಾನೇ ನೋಡಿದ ಒಬ್ಬಳ ಹೆರಿಗೆ ಬೇರೆ ಕಡೆ ಆಯಿತೆಂದು ಮೆಡಿಕಲ್ ಅಂಗಡಿಯವನಿಂದ ತಿಳಿಯಿತು. ಮನೆಯ ಗಂಡಸರು ಒಂದು ಪಕ್ಷದಲ್ಲಿರುವಾಗ ಸೊಸೆಯನ್ನು ಎದುರಾಳಿ ಅಭ್ಯರ್ಥಿಯ ಕೈಗೆ ಒಪ್ಪಿಸುವುದು ಹೇಗೆ? ಸಣ್ಣ ಊರಿನಲ್ಲಿ ವೈದ್ಯರ ಸ್ಪರ್ಧೆಗೆ ತೆರಬೇಕಾದ ನಿಜವಾದ ಬೆಲೆ ಇದು, ಇದನ್ನು ಬರೆಯಲು ಯಾವ ವಹಿಯಲ್ಲಿಯೂ ಅಂಕಣವಿಲ್ಲ.

ವಹಿಯ ಮಾತು ಬಂತು. ಲೋಕಸಭೆಗೆ ನಮ್ಮ ರಾಜ್ಯದಲ್ಲಿ ಅಭ್ಯರ್ಥಿಯ ವೆಚ್ಚದ ಮಿತಿ ₹95 ಲಕ್ಷ. ನನ್ನಂಥವರಿಗೆ ಮಿತಿ ಮೀರುವ ಭಯವಿಲ್ಲ, ಲೆಕ್ಕ ತಪ್ಪುವ ಭಯ ಮಾತ್ರ. ಚುನಾವಣಾ ಕಚೇರಿಯವರು ಕೊಡುವ ಲೆಕ್ಕದ ವಹಿಯಲ್ಲಿ ಬಿಳಿ ಹಾಳೆ ದಿನದ ವೆಚ್ಚಕ್ಕೆ, ಗುಲಾಬಿ ಹಾಳೆ ನಗದಿಗೆ, ಹಳದಿ ಹಾಳೆ ಬ್ಯಾಂಕಿಗೆ. ಪ್ರಚಾರದ ಅವಧಿಯಲ್ಲಿ ಕನಿಷ್ಠ ಮೂರು ಬಾರಿ ಅದನ್ನು ವೆಚ್ಚ ವೀಕ್ಷಕರ ಕಡೆಯವರಿಗೆ ತೋರಿಸಬೇಕು. ಅವರೂ ನಮ್ಮ ಸಭೆಗಳನ್ನು ನೋಡಿ ಬೇರೆ ಲೆಕ್ಕ ಬರೆದಿರುತ್ತಾರೆ, ಎರಡೂ ತಾಳೆಯಾಗಬೇಕು. ಚಹಾ, ಕುರ್ಚಿ, ಶಾಮಿಯಾನ, ಬಾಡಿಗೆ ಗಾಡಿಗಳಿಗೆ ಜಿಲ್ಲೆಯಲ್ಲಿ ದರಪಟ್ಟಿ ನಿಗದಿಯಾಗಿರುತ್ತದೆ. ಅಭಿಮಾನದಿಂದ ಯಾರೋ ಪುಕ್ಕಟೆ ಕೊಟ್ಟ ಶಾಮಿಯಾನಕ್ಕೂ ಆ ದರ ಬೀಳುತ್ತದೆ. ಒಬ್ಬರಿಗೆ ಕೊಡುವ ಮೊತ್ತ ₹10,000 ಮೀರಿದರೆ ನಗದು ಕೊಡುವಂತಿಲ್ಲ. ಕರಪತ್ರದ ಮೇಲೆ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. ಟಿ.ವಿ. ಮತ್ತು ಸಾಮಾಜಿಕ ಜಾಲತಾಣದ ಜಾಹೀರಾತಿಗೆ ಮಾಧ್ಯಮ ಪ್ರಮಾಣೀಕರಣ ಸಮಿತಿಯ ಪೂರ್ವಾನುಮತಿ ಬೇಕು, ಮೂರು ದಿನ ಮೊದಲೇ ಅರ್ಜಿ ಹಾಕಬೇಕು. ಮನೆಮನೆಗೆ ಹೋದಾಗ ಹತ್ತು, ಇಪ್ಪತ್ತು ರೂಪಾಯಿಯ ನೋಟುಗಳನ್ನು ಕೈಗಿಟ್ಟವರಿದ್ದರು. ಅಣ್ಣನ ಮಗ ಪ್ರತಿಯೊಬ್ಬರ ಹೆಸರು, ವಿಳಾಸ ಬರೆದುಕೊಳ್ಳತೊಡಗಿದಾಗ ಕೆಲವರು ಹೆದರಿ ನೋಟನ್ನು ಹಿಂದಕ್ಕೆ ಪಡೆದರು.

ಆಸ್ಪತ್ರೆಯ ದಿನದ ಹಣವನ್ನು ಬ್ಯಾಂಕಿಗೆ ಒಯ್ಯುವ ಸಿಬ್ಬಂದಿಯ ಕೈಯಲ್ಲಿ ಆ ದಿನದ ರಸೀದಿಗಳ ಪ್ರತಿ ಇರಲಿ. ತನಿಖಾ ಠಾಣೆಯಲ್ಲಿ ₹50,000 ಮೀರಿದ ನಗದಿಗೆ ದಾಖಲೆ ಕೇಳುತ್ತಾರೆ, ಅಭ್ಯರ್ಥಿಗೆ ಸಂಬಂಧಿಸಿದ ಹಣವೆಂದರೆ ಇನ್ನಷ್ಟು ಕೇಳುತ್ತಾರೆ.

ರಾಜ್ಯದ ಲೋಕಸಭಾ ಕ್ಷೇತ್ರಗಳಲ್ಲಿ ಮತಗಟ್ಟೆಗಳ ಸಂಖ್ಯೆ ಎರಡು ಸಾವಿರದ ಆಸುಪಾಸಿನಲ್ಲಿರುತ್ತದೆ. ಅಷ್ಟೂ ಕಡೆ ಏಜೆಂಟರನ್ನು ಕೂರಿಸುವುದು ಪಕ್ಷೇತರರಿಂದ ಆಗದ ಮಾತು. ನಮ್ಮ ತಾಲ್ಲೂಕಿನ ಕೆಲವು ಮತಗಟ್ಟೆಗಳಲ್ಲಿ ಮಾತ್ರ ನಮ್ಮವರಿದ್ದರು. ಮತದಾನದ ದಿನ ನಾನು ಮತ ಹಾಕಿ ನೇರವಾಗಿ ಹೆರಿಗೆ ಕೊಠಡಿಗೆ ಹೋದೆ, ಕೆಲಸವಿತ್ತು. ಜೂನ್ 4ರಂದು ಎಣಿಕೆ ಕೇಂದ್ರದಲ್ಲಿ ಮೊದಲ ಕೆಲವು ಸುತ್ತುಗಳಲ್ಲಿಯೇ ನನ್ನ ಸ್ಥಾನ ತಿಳಿದುಹೋಯಿತು. ನನ್ನ ಪಟ್ಟಣದ ಮತಗಟ್ಟೆಗಳ ಸುತ್ತು ಬಂದಾಗ ಅಂಕಿ ಒಮ್ಮೆ ಜಿಗಿದು, ಆಮೇಲೆ ಮತ್ತೆ ಎಂದಿನಂತಾಯಿತು. ಒಟ್ಟು ನಾಲ್ಕಂಕಿಯ ಮತಗಳು. ಠೇವಣಿ ಮರಳಬೇಕಾದರೆ ಸಿಂಧು ಮತಗಳಲ್ಲಿ ಆರನೇ ಒಂದು ಭಾಗಕ್ಕಿಂತ ಹೆಚ್ಚು ಬರಬೇಕು. ನಾನು ಅದರ ಹತ್ತಿರವೂ ಇರಲಿಲ್ಲ. ಗೆದ್ದವರು ಬಂದು ಕೈಮುಗಿದರು, ಅವರ ಅತ್ತಿಗೆಯ ಹೆರಿಗೆ ನನ್ನಲ್ಲಿಯೇ ಆಗಿದ್ದನ್ನು ನೆನಪಿಸಿದರು. ಅವರಿಗೆ ಅಭಿನಂದನೆ ಹೇಳಿ, ರಕ್ತದ ನಿಯಮಗಳ ಕುರಿತ ನನ್ನ ಟಿಪ್ಪಣಿಯನ್ನು ಅಲ್ಲಿಯೇ ಕೈಗೆ ಕೊಟ್ಟೆ. ಓದುತ್ತೇನೆ ಎಂದಿದ್ದಾರೆ.

ಸೋತವರು ಬಹುಪಾಲು ಇಲ್ಲಿಗೆ ಮುಗಿಯಿತೆಂದು ತಿಳಿಯುತ್ತಾರೆ, ಅಪಾಯವಿರುವುದು ಅಲ್ಲಿಯೇ. ಫಲಿತಾಂಶ ಘೋಷಣೆಯಾದ 30 ದಿನಗಳೊಳಗೆ, ಅಂದರೆ ನಮ್ಮ ವಿಷಯದಲ್ಲಿ ಜುಲೈ 4ರೊಳಗೆ, ವಹಿ, ಸಾರಾಂಶ ಪಟ್ಟಿ, ಅನುಸೂಚಿಗಳು, ಸಹಿ ಮಾಡಿದ ಮೂಲ ಬಿಲ್ಲುಗಳು, ಬ್ಯಾಂಕ್ ವಿವರ ಮತ್ತು ಇನ್ನೊಂದು ಪ್ರಮಾಣಪತ್ರವನ್ನು ಜಿಲ್ಲಾ ಚುನಾವಣಾಧಿಕಾರಿಗಳಿಗೆ ಸಲ್ಲಿಸಬೇಕು. ಸಲ್ಲಿಸದಿದ್ದರೆ ಪ್ರಜಾಪ್ರತಿನಿಧಿ ಕಾಯ್ದೆಯ 10ಎ ಕಲಮಿನಡಿ ಮೂರು ವರ್ಷ ಅನರ್ಹತೆ. ಬಿದ್ದ ಮತ ಹತ್ತೇ ಆಗಿದ್ದರೂ ನಿಯಮ ಒಂದೇ. ಲೆಕ್ಕ ತಾಳೆ ಮಾಡುವ ಸಭೆಗೆ ಕರೆದಾಗ ತಪ್ಪದೆ ಹೋಗಿ. ನಮ್ಮ ಒಂದು ಸಭೆಗೆ ನಾವು ಬರೆದದ್ದಕ್ಕಿಂತ ಹೆಚ್ಚು ಕುರ್ಚಿಗಳನ್ನು ವೆಚ್ಚ ವೀಕ್ಷಕರ ಕಡೆಯವರು ಬರೆದಿದ್ದರು. ಸಭೆಯ ವಿಡಿಯೋ ಹಾಕಿ ಎಣಿಸಿದಾಗ, ಪಕ್ಕದ ಮನೆಯ ಮದುವೆಗೆ ತಂದಿಟ್ಟ ಕುರ್ಚಿಗಳೂ ಚೌಕಟ್ಟಿನೊಳಗೆ ಬಂದಿದ್ದದ್ದು ತಿಳಿಯಿತು. ಅಧಿಕಾರಿಗಳು ತಿದ್ದುಪಡಿ ಒಪ್ಪಿಕೊಂಡರು.

ಸ್ವೀಕೃತಿ ಪತ್ರದಲ್ಲಿ ಸಲ್ಲಿಸಿದ ದಿನಾಂಕ ಸರಿಯಾಗಿದೆಯೇ ಎಂದು ಅಲ್ಲಿಯೇ ನೋಡಿಕೊಳ್ಳಿ, ಎಲ್ಲ ಕಾಗದಗಳ ಒಂದು ಪೂರ್ಣ ಪ್ರತಿಯನ್ನು ಮನೆಯಲ್ಲಿ ಇಟ್ಟುಕೊಳ್ಳಿ. ಚುನಾವಣಾ ಖಾತೆಯನ್ನು ಈ ಸ್ವೀಕೃತಿ ಬಂದ ನಂತರವೇ ಮುಚ್ಚಿದರೆ ವಿವರ ತೆಗೆಸುವ ಓಡಾಟ ತಪ್ಪುತ್ತದೆ. ಠೇವಣಿ ಹೋದದ್ದನ್ನಾಗಲಿ ಪ್ರಚಾರಕ್ಕೆ ಸ್ವಂತ ಕೈಯಿಂದ ಹಾಕಿದ್ದನ್ನಾಗಲಿ ಆಸ್ಪತ್ರೆಯ ಖರ್ಚಿನಲ್ಲಿ ತೋರಿಸುವಂತಿಲ್ಲ ಎಂದು ನಮ್ಮ ಲೆಕ್ಕಪರಿಶೋಧಕರು ಆಗಲೇ ಎಚ್ಚರಿಸಿದ್ದಾರೆ. ಈ ವರ್ಷದ ಆದಾಯ ವಿವರ ಸಿದ್ಧಪಡಿಸುವ ಕೆಲಸ ಬರುವ ವಾರದಿಂದ.